ಆಡಿ ತಿಂಗಳ ಲೆಕ್ಕ

ಆಡಿ ತಿಂಗಳು, ಅಂದರೆ ತಮಿಳರ ಆಷಾಢ, ಬಂತೆಂದರೆ ನಮ್ಮ ಬೀದಿಯವರು ಅಮ್ಮನವರ ಗುಡಿ ಮುಂದೆ ದೊಡ್ಡ ಹಂಡೆಯಲ್ಲಿ ರಾಗಿ ಅಂಬಲಿ ಕಾಯಿಸಿ ಬಂದವರಿಗೆಲ್ಲ ಹೊಯ್ಯುತ್ತಾರೆ. ಹಿಂದಿನ ದಿನವೇ ಕಲಸಿ ಹುಳಿ ಬರಿಸಿದ ಹಿಟ್ಟು. ಅದರ ವಾಸನೆ ಗಾಳಿಯ ಜೊತೆ ಮನೆಯೊಳಗೆ ನುಗ್ಗಿ, ಹಗ್ಗದ ಮೇಲೆ ಹಾಕಿದ ಬಟ್ಟೆಗೂ ಹತ್ತಿಕೊಳ್ಳುತ್ತದೆ. ಈ ವರ್ಷವೂ ಬಂತು. ಬೇರೆಯವರಿಗೆ ಆ ವಾಸನೆಗೆ ಅಮ್ಮನವರು ನೆನಪಾಗುತ್ತಾರೇನೋ, ನನಗೆ ಪೂಂಗೊಡಿ ನೆನಪಾಗುತ್ತಾಳೆ. ಆಪರೇಷನ್ ಥಿಯೇಟರಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕುಳಿತು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು, ಗಡಿಯಾರ ನೋಡಿ ನೋಡಿ ಬರೆಯುತ್ತಿದ್ದ ಹುಡುಗಿ. ನೆನಪಾದ ಕೂಡಲೇ ಹೊಟ್ಟೆಯೊಳಗೆ ಸಣ್ಣಗೆ ಉರಿಯಲು ಶುರುವಾಗುತ್ತದೆ. ಅಂಬಲಿ ಕುಡಿದರೆ ಹೊಟ್ಟೆ ತಂಪಾಗುತ್ತದೆ ಎನ್ನುತ್ತಾರೆ. ಎರಡು ಲೋಟ ಕುಡಿದು ನೋಡಿದ್ದೇನೆ, ನನ್ನದು ಅಂಥ ಉರಿಯಲ್ಲ.

ನಾನು ಮಾದೇಶ, ಮೇಚೇರಿಯವನು. ಸೇಲಂನಲ್ಲಿ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಔಷಧಿ ಸ್ಟೋರು ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಔಷಧಿ ಡಬ್ಬಿಯ ಮೇಲೆ ಇಂಗ್ಲಿಷ್, ಹೀಗೆ ಮೂರರಲ್ಲೂ ಅರ್ಧರ್ಧ ಬೆಳೆದವನು. ಕನ್ನಡ ಅಕ್ಷರ ಕಲಿಸಿದವಳು ಹೆಂಡತಿ ರತ್ನ, ಹನೂರು ಕಡೆಯವಳು. ಕಲಿತ ಅಕ್ಷರದಲ್ಲಿ ನಾನು ಒಂದು ದಿನ ಇಂಥದ್ದನ್ನು ಬರೆಯುತ್ತೇನೆಂದು ಅವಳಿಗೆ ಗೊತ್ತಿದ್ದರೆ ಕಲಿಸುತ್ತಿದ್ದಳೋ ಇಲ್ಲವೋ.

ನಮ್ಮ ಟ್ರಸ್ಟಿಗೆ ಮೂರು ಆಸ್ಪತ್ರೆ. ಸೇಲಂನದು ದೊಡ್ಡದು, ಎಡಪ್ಪಾಡಿಯದು ಅದಕ್ಕಿಂತ ಚಿಕ್ಕದು, ಪಾಪಿರೆಡ್ಡಿಪಟ್ಟಿಯದು ತೀರಾ ಚಿಕ್ಕದು. ಮೂರೂ ಕಡೆ ಔಷಧಿಯನ್ನು ಅವರವರೇ ಕೊಳ್ಳುತ್ತಿದ್ದರು. ನಾನು ಹೇಳುತ್ತಿರುವ ವರ್ಷ ಟ್ರಸ್ಟಿನವರು ಹೊಸ ತೀರ್ಮಾನ ಮಾಡಿದರು. ಇನ್ನು ಮೇಲೆ ಮೂರಕ್ಕೂ ಒಟ್ಟಿಗೆ ಖರೀದಿ, ಅದನ್ನು ನೋಡಿಕೊಳ್ಳಲು ಒಬ್ಬರು ಮುಖ್ಯಸ್ಥರು. ಆಡಿ ಕಳೆದು ಬರುವ ಆವಣಿ ತಿಂಗಳ ಮೊದಲ ವಾರದ ಮೀಟಿಂಗಿನಲ್ಲಿ ಆ ಒಬ್ಬರು ಯಾರೆಂದು ಹೇಳುತ್ತೇವೆ ಎಂದರು. ನಾನು ಹನ್ನೆರಡು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದವನು. ಆ ಕುರ್ಚಿ ನನ್ನದೇ ಎಂದು ಎಲ್ಲರಿಗೂ ಅನ್ನಿಸಿತ್ತು, ನನಗಂತೂ ಕೇಳುವುದೇ ಬೇಡ. ರತ್ನ ಅಕ್ಕಪಕ್ಕದವರಿಗೆ ಆಗಲೇ ಹೇಳಿಯೂ ಆಗಿತ್ತು.

ಪೂಂಗೊಡಿಯನ್ನು ಆಸ್ಪತ್ರೆಗೆ ಸೇರಿಸಿದವನು ನಾನೇ. ಅವಳಪ್ಪ ಮುನಿಯಪ್ಪಣ್ಣ ಪಾಪಿರೆಡ್ಡಿಪಟ್ಟಿ ಹತ್ತಿರದ ಹಳ್ಳಿಯವರು. ಮೇಚೇರಿ ಸಂತೆಗೆ ಕುರಿ ಕೊಳ್ಳಲು ಬಂದು ಬಂದು ನಮ್ಮಪ್ಪನಿಗೆ ಸ್ನೇಹವಾದವರು. ನಮ್ಮ ಹಾಗೆಯೇ ಮನೆಮಾತು ಕನ್ನಡ, ಮಗಳಿಗಿಟ್ಟದ್ದು ತಮಿಳು ಹೆಸರು. ಒಂದು ದಿನ ಮಗಳ ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು.

“ಮಾದೇಶಾ, ಮಗು ಆರು ವರ್ಸ ಓದೈತಪ್ಪಾ. ಒಳ್ಳೆ ಮಾರ್ಕ್ ತಗೊಂಡೈತೆ. ನಿಮ್ಮ ಆಸ್ಪತ್ರೇಲಿ ಒಂದು ಮಾತು ಯೋಳಿ ನೋಡು. ನೀ ಇದ್ದೀಯ ಅಂದ್ರೆ ನಂಗೂ ದೈರ್ಯ.”

ಹೇಳಿದೆ. ಒಳ್ಳೆಯ ಮನೆತನ, ಕಷ್ಟಪಟ್ಟು ಓದಿದ್ದಾಳೆ ಎಂದು ಟ್ರಸ್ಟಿನ ಅಧ್ಯಕ್ಷರ ಹತ್ತಿರ ಹೇಳಿದೆ. ಒಂದು ವರ್ಷ ನೋಡೋಣ, ಆಮೇಲೆ ಕಾಯಂ ಮಾಡುವ ಮಾತು ಎಂದು ತೆಗೆದುಕೊಂಡರು. ಅವಳು ನನ್ನ ಕೈಕೆಳಗೆ ಡಬ್ಬಿ ಜೋಡಿಸಿಕೊಂಡು ಇರುತ್ತಾಳೆ, ನನಗೆ ಸ್ವಲ್ಪ ಬಿಡುವು ಸಿಗುತ್ತದೆ ಎಂದುಕೊಂಡಿದ್ದೆ. ಫಾರ್ಮಸಿಯಲ್ಲಿ ನಾನು ಓದಿದ್ದು ಎರಡು ವರ್ಷದ ಡಿಪ್ಲೊಮಾ. ಅವಳು ಓದಿದ ಆರು ವರ್ಷದಲ್ಲಿ ಏನೇನಿರುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ.

ಮೊದಲು ಚುಚ್ಚಿದ್ದು ಬಹಳ ಸಣ್ಣ ವಿಷಯ. ನಮ್ಮಲ್ಲಿ ಅರಿವಳಿಕೆ ಕೊಡುವ ಡಾಕ್ಟರ್ ಮೇಡಂ ಒಬ್ಬರಿದ್ದರು. ಮಾತು ಕಡಿಮೆ, ನಡಿಗೆ ಜೋರು. ಯಾವ ಔಷಧಿ ವಿಷಯ ಬಂದರೂ ಕಾರಿಡಾರಿನಲ್ಲಿ ನಿಂತು, “ಮಾದೇಶ್ ಎಂಗೆ?” ಎಂದು ತಮಿಳಿನಲ್ಲಿ ಕೂಗುತ್ತಿದ್ದರು. ಮಾದೇಶ್ ಎಲ್ಲಿ ಎಂದು. ಹನ್ನೆರಡು ವರ್ಷ ಆ ಕೂಗು ಕೇಳಿ ನನಗೆ ಅದು ಸಂಬಳದ ಒಂದು ಭಾಗವೇ ಆಗಿಹೋಗಿತ್ತು. ಪೂಂಗೊಡಿ ಬಂದ ನಾಲ್ಕನೇ ತಿಂಗಳೋ ಐದನೇ ತಿಂಗಳೋ, ಒಂದು ಬೆಳಿಗ್ಗೆ ಅದೇ ಕಾರಿಡಾರಿನಲ್ಲಿ ಅದೇ ದನಿ ಕೇಳಿಸಿತು. “ಪೂಂಗೊಡಿ ಎಂಗೆ?” ನಾನು ಎದ್ದು ನಿಂತವನು ಹಾಗೇ ಕೂತೆ. ಕೈಯಲ್ಲಿದ್ದ ಪೆನ್ನಿಗೆ ಸುಮ್ಮನೆ ಮುಚ್ಚಳ ಹಾಕಿದೆ, ತೆಗೆದೆ.

ಮೇಡಂ ಅವಳನ್ನು ಕರೆದದ್ದು ಸ್ನಾಯು ಸಡಿಲಿಸುವ ಮದ್ದಿನ ವಿಷಯಕ್ಕೆ. ಇದು ಓದುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡ ಆಪರೇಷನ್ನಿಗೆ ನಿದ್ದೆಯ ಮದ್ದು ಮಾತ್ರ ಸಾಲದು, ಮೈ ಬಿಗಿಯಾಗಿದ್ದರೆ ಸರ್ಜನ್ನಿಗೆ ಕೈಯಾಡುವುದಿಲ್ಲ. ಅದಕ್ಕೆ ಮೈಯ ಸ್ನಾಯುಗಳನ್ನೆಲ್ಲ ಸಡಿಲ ಮಾಡುವ ಇಂಜೆಕ್ಷನ್ ಬೇರೆ ಇದೆ. ಅದನ್ನು ಕೊಟ್ಟ ಮೇಲೆ ರೋಗಿ ತಾನಾಗಿ ಉಸಿರನ್ನೂ ಎಳೆಯಲಾರ. ಮದ್ದಿನ ಜೋರು ಇಳಿಯುವವರೆಗೆ ಮೆಷಿನ್ನೇ ಅವನ ಪರವಾಗಿ ಉಸಿರಾಡುತ್ತದೆ. ನಮ್ಮಲ್ಲಿ ಎರಡು ಬಗೆಯದು ಬಳಕೆಯಲ್ಲಿತ್ತು. ವೆಕ್ಯುರೋನಿಯಂ ಎಂಬುದು ಪುಡಿಯಾಗಿ ಬರುತ್ತದೆ, ಹೊರಗಿಟ್ಟರೂ ಕೆಡುವುದಿಲ್ಲ, ಬೇಕಾದಾಗ ನೀರು ಬೆರೆಸಿದರಾಯಿತು. ಅಟ್ರಾಕ್ಯೂರಿಯಂ ಎಂಬುದು ನೀರಾಗಿಯೇ ಬರುತ್ತದೆ, ಫ್ರಿಜ್ಜಿನಲ್ಲಿಡಬೇಕು. ಥಿಯೇಟರಿನವರು ಒಂದನ್ನು ಪುಡಿ ಎಂದು, ಇನ್ನೊಂದನ್ನು ಫ್ರಿಜ್ಜಿನದು ಎಂದು ಕರೆಯುತ್ತಿದ್ದರು. ನಾನು ಹನ್ನೆರಡು ವರ್ಷವೂ ಹೆಚ್ಚಾಗಿ ಪುಡಿಯನ್ನೇ ಕೊಂಡವನು. ನಮಗೆ ಸಿಗುತ್ತಿದ್ದ ದರದಲ್ಲಿ ಅದೇ ಅಗ್ಗ, ಅದರಲ್ಲಿ ಯೋಚಿಸುವಂಥದ್ದೇನಿದೆ ಎಂಬುದು ನನ್ನ ನಂಬಿಕೆ.

“ಸೀಸೆ ರೇಟ್ ನೋಡುದ್ರೆ ಪುಡಿನೇ ಕಮ್ಮಿ ಅಣ್ಣ,” ಎಂದಳು ಪೂಂಗೊಡಿ, ಮೇಡಂ ರೂಮಿನಿಂದ ಬಂದವಳು. “ಆದ್ರೆ ಕೆಲವ್ರು ಲೇಟಾಗಿ ಏಳ್ತಾರೆ. ಅಲ್ಲೀಗಂಟ ಆಕ್ಸಿಜನ್, ಎಬ್ಬಿಸೋ ಇಂಜೆಕ್ಷನ್ನು, ಟೆಕ್ನಿಷಿಯನ್ ಪಳನಿಯಣ್ಣನ ಓವರ್‌ಟೈಮು, ಮುಂದಿನ ಕೇಸು ಆಚೆ ಕಾಯೋದು, ಇದೆಲ್ಲ ಯಾವ ಸೀಸೆ ಮ್ಯಾಲೆ ಬರ್ದೈತೆ? ಒಂದು ಆಪರೇಷನ್ಗೆ ಒಟ್ಟು ಎಷ್ಟಾಯ್ತದೆ ಅಂತ ನೋಡ್ಬೇಕು ಅಂತಾರೆ ಮೇಡಂ.”

ಮೇಡಂ ಅನ್ನುತ್ತಾರಂತೆ. ಇದನ್ನು ಅವರಿಗೆ ಹೇಳಿಕೊಟ್ಟವಳು ಇವಳೇ ಎಂದು ನನಗೆ ಅರ್ಥವಾಗದೆ ಇರಲಿಲ್ಲ.

“ಅಂಗಾದ್ರೆ ಫ್ರಿಜ್ಜಿನ ಕರೆಂಟು? ಪಾಪಿರೆಡ್ಡಿಪಟ್ಟಿಗೆ ಐಸ್ ಡಬ್ಬಿಲಿ ಕಳ್ಸೋ ಖರ್ಚು? ಶಟ್‌ಡೌನ್ ದಿನ ಕರೆಂಟ್ ಓಗಿ ಬಿಸಾಕೋದು?” ಎಂದು ನಾನು ಒಂದರ ಮೇಲೊಂದು ಕೇಳಿದೆ. ಅವಳು ಬಾಯಿ ಮುಚ್ಚಿಕೊಳ್ಳಲಿ ಎಂದೇ ಕೇಳಿದ್ದು.

“ಅಯ್ಯೋ, ಸರಿಯಾಗ್ ಯೋಳುದ್ರಿ ಅಣ್ಣ. ಇನ್ನೊಂದ್ಸಲ ಯೋಳಿ, ಬರ್ಕೊಂತೀನಿ.”

ಬರೆದುಕೊಂಡಳು. ಮೂರನ್ನೂ ಒಂದರ ಕೆಳಗೊಂದು ಬರೆದು, ಪಕ್ಕದಲ್ಲಿ ನನ್ನ ಹೆಸರು ಹಾಕಿಕೊಂಡಳು. ಎದುರಾಡಿದ್ದರೆ ಜಗಳವಾಡಬಹುದಿತ್ತು. ನಾನು ಎಸೆದ ಕಲ್ಲನ್ನೆಲ್ಲ ಎತ್ತಿ ಗೋಡೆ ಕಟ್ಟಿಕೊಳ್ಳುವವಳ ಜೊತೆ ಏನು ಮಾಡುವುದು?

ಮನೆಯಲ್ಲಿ ಅದೇ ಮಾತು. ಪೂಂಗೊಡಿ ಹಾಗೆ ಕೂತಳು, ಹೀಗೆ ನಿಂತಳು, ಮೇಡಂ ಜೊತೆ ಟೀ ಕುಡಿದಳು. ಒಂದು ರಾತ್ರಿ ಊಟದ ಹೊತ್ತಿಗೆ ರತ್ನ ಸೌಟು ಕೆಳಗಿಟ್ಟು ನನ್ನ ಮುಖ ನೋಡಿದಳು.

“ಏನ್ರೀ, ಮುದ್ದೆ ಮುರಿಯುವಾಗ್ಲೂ ಆ ಮಗೀನ ಸುದ್ದಿನೇಯಾ?”

“ಸುದ್ದಿ ಅಲ್ಲ ಕಣೆ, ಸುಮ್ನೆ ಯೋಳ್ದೆ.”

“ಸುಮ್ನೆ ಯೋಳೋರು ಹಲ್ಲು ಕಚ್ಕೊಂಡು ಯೋಳಲ್ಲ. ನಿಮ್ಗೆ ಹೊಟ್ಟೆಕಿಚ್ಚು. ನೀವೇ ಸೇರ್ಸುದ್ರಿ, ಈಗ ನೀವೇ ಉರ್ಕೊಂತಾ ಇದ್ದೀರಿ.”

ನಾನು ಸಾರು ಕೇಳಿದೆ. ಬೇಕಿರಲಿಲ್ಲ, ಆದರೂ ಕೇಳಿದೆ.

ಅಷ್ಟರಲ್ಲಿ ಆಡಿ ಬಂತು. ನಮ್ಮ ಕಡೆ ಆಡಿ ಗಾಳಿ ಎಂದರೆ ತಮಾಷೆಯಲ್ಲ. ಏರ್ಕಾಡು ಬೆಟ್ಟದ ಮೇಲೆ ಮೋಡ ಓಡುತ್ತಿರುತ್ತದೆ, ಕೆಳಗೆ ಸೇಲಂನಲ್ಲಿ ಹನಿ ಮಳೆಯಿಲ್ಲದೆ ಬರೀ ದೂಳು. ಆಸ್ಪತ್ರೆಯ ಗೇಟಿನ ಬೋರ್ಡು ಹಗಲೆಲ್ಲ ಕಟಕಟ ಅನ್ನುತ್ತಿತ್ತು. ಆ ತಿಂಗಳು ನಮ್ಮಲ್ಲಿ ಯಾರೂ ಹೊಸ ಮನೆಗೆ ಹೋಗುವುದಿಲ್ಲ, ಮದುವೆ ಮಾಡುವುದಿಲ್ಲ. ಆಪರೇಷನ್ನನ್ನೂ ಮಾಡಿಸಿಕೊಳ್ಳುವುದಿಲ್ಲ. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೆ ಹೊಟ್ಟೆಯಲ್ಲಿ ಕಲ್ಲಿರುವ ಮುದುಕನನ್ನು ಕೇಳಿದರೂ “ಆಡಿ ಕಳೀಲಿ” ಎನ್ನುತ್ತಾನೆ, ಅವನ ಮಗನೂ ಅದನ್ನೇ ಅನ್ನುತ್ತಾನೆ. ಥಿಯೇಟರಿಗೆ ಬರುವವರು ಕಾಯಲಾಗದವರು ಮಾತ್ರ. ಅಪೆಂಡಿಕ್ಸ್ ನೋವಿನ ಕಾಲೇಜು ಹುಡುಗರು, ಬೈಕಿನಿಂದ ಬಿದ್ದವರು, ಹೊಟ್ಟೆಗೆ ಪೆಟ್ಟು ಮಾಡಿಕೊಂಡವರು. ಮಧ್ಯಾಹ್ನದ ಮೇಲೆ ಥಿಯೇಟರಿನಲ್ಲಿ ಕೆಲಸವಿರುತ್ತಿರಲಿಲ್ಲ. ಟೆಕ್ನಿಷಿಯನ್ ಪಳನಿ ಎದುರು ಬೀದಿಗೆ ಹೋಗಿ ಚೊಂಬಿನ ತುಂಬ ಅಂಬಲಿ ತರುತ್ತಿದ್ದ, ಎಲ್ಲರೂ ಹಂಚಿಕೊಂಡು ಕುಡಿಯುತ್ತಿದ್ದರು.

“ಕೆಲಸ ಕಡಿಮೆ ಇದೆ, ಈಗಲೇ ಕೂತು ಲೆಕ್ಕ ಹಾಕು,” ಎಂದು ಮೇಡಂ ಪೂಂಗೊಡಿಗೆ ಹೇಳಿದರು. ಒಂದು ದಿನ ಪುಡಿ, ಒಂದು ದಿನ ಫ್ರಿಜ್ಜಿನದು ಎಂದು ಗೊತ್ತುಮಾಡಿಕೊಂಡರು. ಅವಳು ತಿಂಗಳಿಡೀ ಆ ಸ್ಟೂಲಿನ ಮೇಲೆ ಕೂತಳು. ಎಷ್ಟು ಹೊತ್ತಿಗೆ ಮದ್ದು ಕೊಟ್ಟರು, ಎಷ್ಟು ಹೊತ್ತಿಗೆ ರೋಗಿ ತಲೆಯೆತ್ತಿದ, ಸೀಸೆಯಲ್ಲಿ ಎಷ್ಟು ಉಳಿದು ಚೆಲ್ಲಿದರು, ಎಲ್ಲವನ್ನೂ ಬರೆದಳು. ಪಳನಿ ಅವಳಿಗೆಂದು ಒಂದು ಲೋಟ ಎತ್ತಿಡುತ್ತಿದ್ದ. ನನಗೆಂದು ಯಾರೂ ಏನನ್ನೂ ಎತ್ತಿಟ್ಟ ನೆನಪಿಲ್ಲ. ನಾನು ಆ ತಿಂಗಳು ಸುಮ್ಮಸುಮ್ಮನೆ ಥಿಯೇಟರಿನ ಕಡೆ ಹೋಗಿ ಬಾಗಿಲ ಗಾಜಿನಿಂದ ಇಣುಕಿ ಬರುತ್ತಿದ್ದೆ. ಅವಳು ಒಂದು ಸಲ ತಲೆಯೆತ್ತಿ ನೋಡಿ ನಕ್ಕಳು. ನಾನು ಗಾಜಿನ ಮೇಲೆ ದೂಳಿದೆಯೇ ಎಂದು ನೋಡುವವನಂತೆ ಬೆರಳಾಡಿಸಿದೆ.

ಈಗ ನನ್ನ ನೋಟು ಪುಸ್ತಕದ ವಿಷಯ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲೇ ಒಂದು ಸಲ ಆಡಿಟಿನವರು, ಎಬ್ಬಿಸುವ ಇಂಜೆಕ್ಷನ್ ಇಷ್ಟೊಂದು ಯಾಕೆ ಹೋಗಿದೆ ಎಂದು ನನ್ನನ್ನು ಗಂಟೆಗಟ್ಟಲೆ ನಿಲ್ಲಿಸಿ ಕೇಳಿದ್ದರು. ಅಂದಿನಿಂದ ನನ್ನ ತಲೆ ಉಳಿಸಿಕೊಳ್ಳಲು ಒಂದು ಉದ್ದ ನೋಟು ಇಟ್ಟಿದ್ದೆ. ಯಾವುದೇ ರೋಗಿ ತಡವಾಗಿ ಎದ್ದು, ಥಿಯೇಟರಿನವರು ಹೆಚ್ಚಿಗೆ ಇಂಜೆಕ್ಷನ್ನೋ ಆಕ್ಸಿಜನ್ ಸಿಲಿಂಡರೋ ಕೇಳಿದರೆ, ಅವರ ವಯಸ್ಸು, ಯಾವ ಮದ್ದು, ಎಷ್ಟು ಹೊತ್ತು ಎಂದು ಅದರಲ್ಲಿ ಬರೆದು ಪಳನಿಯ ಕೈಲಿ ಸಹಿ ಹಾಕಿಸುತ್ತಿದ್ದೆ. ಬರೆದದ್ದೇ ಹೊರತು ಕೂಡಿ ನೋಡಿರಲಿಲ್ಲ. ಅದು ನನ್ನ ಮೇಜಿನ ಡ್ರಾಯರಿನಲ್ಲಿ, ಬೀರುವಿನ ಬೀಗದ ಕೈ ಪಕ್ಕದಲ್ಲಿ ಬಿದ್ದಿರುತ್ತಿತ್ತು.

ಆಡಿ ಮುಗಿಯಿತು. ಮೀಟಿಂಗಿನ ಹಿಂದಿನ ಸಂಜೆ ಪೂಂಗೊಡಿ ತನ್ನ ಲೆಕ್ಕದ ಕಾಗದಗಳನ್ನು ತಂದು ನನ್ನ ಮೇಜಿನ ಮೇಲಿಟ್ಟಳು.

“ಒಂದ್ಸಲ ನೋಡಿ ಅಣ್ಣ. ಏನಾದ್ರೂ ಬಿಟ್ಟೋಗಿದ್ರೆ ಯೋಳಿ. ನಿಮ್ಗೆ ಗೊತ್ತಿರೋದು ನಂಗೆ ಗೊತ್ತಿಲ್ಲ.”

ಅವಳು ಹೋದ ಮೇಲೆ ತಪ್ಪು ಹುಡುಕಲು ಕೂತೆ, ಸುಳ್ಳೇಕೆ ಹೇಳಲಿ. ಗುಣಾಕಾರ ಸರಿಯಿತ್ತು. ಫ್ರಿಜ್ಜಿನ ಕರೆಂಟು, ಐಸ್ ಡಬ್ಬಿ, ಬಿಸಾಡುವುದು, ನಾನು ಕೇಳಿದ್ದೆಲ್ಲ ಸೇರಿಸಿದ್ದಳು. ಕೊನೆಗೆ ಬಂದ ಉತ್ತರ ಮಾತ್ರ ಸಪ್ಪೆಯಾಗಿತ್ತು. ಎರಡು ಮದ್ದಿಗೂ ಒಂದು ಆಪರೇಷನ್ನಿಗೆ ಹೆಚ್ಚುಕಡಿಮೆ ಒಂದೇ ಖರ್ಚು. ಇಷ್ಟಕ್ಕೆ ಇಷ್ಟು ಮೆರೆದಳೇ ಎಂದು ಸಂತೋಷವಾಯಿತು. ಆಮೇಲೆ ವಯಸ್ಸಿನ ಸಾಲಿನ ಮೇಲೆ ಬೆರಳಿಟ್ಟುಕೊಂಡು ಇಳಿದೆ. ಹತ್ತೊಂಬತ್ತು, ಇಪ್ಪತ್ತೆರಡು, ಮೂವತ್ತು, ಹದಿನೇಳು. ಇಡೀ ಪಟ್ಟಿಯಲ್ಲಿ ತಲೆ ನರೆತವರು ಒಬ್ಬರೂ ಇರಲಿಲ್ಲ. ಇರುವುದಾದರೂ ಹೇಗೆ? ಅವರೆಲ್ಲ ಆಡಿ ಕಳೆಯಲಿ ಎಂದು ಮನೆಯಲ್ಲಿದ್ದರು.

ಡ್ರಾಯರಿನಿಂದ ನನ್ನ ನೋಟು ತೆಗೆದು ಪಕ್ಕದಲ್ಲಿಟ್ಟೆ. ಅದರಲ್ಲಿ ಬರೀ ಮುದುಕರೇ. ಅರವತ್ತೆಂಟು, ಎಪ್ಪತ್ತೊಂದು, ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ. ಪುಟ ಪುಟಕ್ಕೂ ಪುಡಿ, ಪುಡಿ, ಪುಡಿ. ಫ್ರಿಜ್ಜಿನ ಮದ್ದು ತಾನಾಗಿ ರಕ್ತದಲ್ಲಿ ಕರಗಿಹೋಗುತ್ತದೆ, ಅದಕ್ಕೆ ಕಿಡ್ನಿ ಲಿವರಿನ ಹಂಗಿಲ್ಲ ಎಂದು ಅವಳು ಕಾಗದದ ಮೊದಲ ಪುಟದಲ್ಲೇ ಬರೆದಿದ್ದಳು. ಆ ಎರಡೂ ಪಟ್ಟಿಯನ್ನು ಒಟ್ಟಿಗಿಟ್ಟರೆ ಉತ್ತರ ಕುರುಡನಿಗೂ ಕಾಣುವಂತಿತ್ತು. ಚಿಕ್ಕವರಿಗೆ ಯಾವುದಾದರೂ ಸರಿ. ವಯಸ್ಸಾದವರಿಗೆ ಪುಡಿ ಅಗ್ಗವೇ ಅಲ್ಲ, ಸೀಸೆಯ ದರದಲ್ಲಿ ಉಳಿಸಿದ್ದರ ಹತ್ತರಷ್ಟನ್ನು ಎಬ್ಬಿಸುವುದರಲ್ಲಿ ಕಳೆಯುತ್ತಿದ್ದೆವು.

ಸರಿಯಾದ ಮನುಷ್ಯನಾಗಿದ್ದರೆ ನನಗೆ ಆ ಸಂಜೆ ಖುಷಿಯಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು, ಅದೂ ಹಿಂದೆಂದೂ ಇಲ್ಲದಷ್ಟು. ಹನ್ನೆರಡು ವರ್ಷ ಉತ್ತರ ನನ್ನ ಡ್ರಾಯರಿನಲ್ಲೇ ಇತ್ತು, ಅದು ನನಗೆ ಕಾಣಿಸಲು ನಿನ್ನೆ ಮೊನ್ನೆ ಬಂದ ಹುಡುಗಿ ಸ್ಟೂಲಿನ ಮೇಲೆ ಕೂರಬೇಕಾಯಿತು. ನಾನು ಬಾಯಿ ಬಿಟ್ಟರೆ ಅವಳ ಲೆಕ್ಕ ಗೆಲ್ಲುತ್ತದೆ. ಅವಳ ಲೆಕ್ಕ ಗೆದ್ದರೆ ಕುರ್ಚಿಯೂ ಅವಳಿಗೆ. ನೋಟನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಅದಕ್ಕೆ ಯಾವತ್ತೂ ಬೀಗ ಹಾಕಿದವನಲ್ಲ.

ಬೆಳಿಗ್ಗೆ ಅವಳು ಬಂದು ಕೇಳಿದಳು. “ನೋಡುದ್ರಾ ಅಣ್ಣ?”

“ನೋಡ್ದೆ. ಎಲ್ಲಾ ಸರಿಯಾಗೈತೆ.”

“ಏನೂ ಸೇರ್ಸೋದಿಲ್ವಾ?”

“ಇಲ್ಲಮ್ಮ.”

ಅವಳು ಕಾಗದ ತೆಗೆದುಕೊಂಡು ಕಂಪ್ಯೂಟರಿನ ಹತ್ತಿರ ಹೋದಳು.

ಮೀಟಿಂಗಿನಲ್ಲಿ ಅಧ್ಯಕ್ಷರು ಅವಳ ಕಾಗದಗಳನ್ನು ತಿರುವಿ ಹಾಕಿದರು. ವ್ಯತ್ಯಾಸ ಇಷ್ಟು ಕಡಿಮೆಯಿದ್ದರೆ ಇರುವುದನ್ನು ಯಾಕೆ ಬದಲಾಯಿಸಬೇಕು ಎಂದು ಕೇಳಿದರು. ವಯಸ್ಸಾದವರಲ್ಲಿ ಪುಡಿ ಹೆಚ್ಚು ಹೊತ್ತು ನಿಲ್ಲುತ್ತದೆ, ಇದು ನನ್ನ ಅನುಭವ ಎಂದರು ಮೇಡಂ. ಅನುಭವ ಇರಲಿ ಡಾಕ್ಟ್ರೇ, ಅಂಕಿ ಎಲ್ಲಿ ಎಂದರು ಅಧ್ಯಕ್ಷರು. ಆಗ ಪೂಂಗೊಡಿ, ಕೊನೇ ಪುಟ ನೋಡಿ ಸರ್ ಎಂದಳು. ನನಗೆ ತೋರಿಸಿದ ಪ್ರತಿಯಲ್ಲಿ ಆ ಪುಟ ಇರಲಿಲ್ಲ. ಅದರಲ್ಲಿ ಮೂರೇ ಸಾಲು. ಈ ಲೆಕ್ಕ ಆಡಿ ತಿಂಗಳದ್ದು. ಆಡಿಯಲ್ಲಿ ವಯಸ್ಸಾದವರು ಆಪರೇಷನ್ನಿಗೆ ಬರುವುದಿಲ್ಲ. ಅವರ ವಿವರ ಮಾದೇಶ್ ಅವರ ಬಳಿ ಇರಬಹುದು, ಅದನ್ನು ಸೇರಿಸಿದ ಮೇಲೆಯೇ ತೀರ್ಮಾನ ಮಾಡಬೇಕು.

ಅಧ್ಯಕ್ಷರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ಮಾದೇಶ್, ಅಂಥ ವಿವರ ಏನಾದರೂ ನಿಮ್ಮ ಹತ್ತಿರ ಇದೆಯಾ?”

ಪ್ಯಾಂಟಿನ ಜೇಬಿನಲ್ಲಿ ಡ್ರಾಯರಿನ ಬೀಗದ ಕೈ ಇತ್ತು.

“ಇಲ್ಲ ಸರ್,” ಎಂದೆ.

ಪೂಂಗೊಡಿ ನನ್ನನ್ನು ನೋಡಲಿಲ್ಲ, ತನ್ನ ಕಾಗದವನ್ನು ನೋಡುತ್ತಾ ಕೂತಳು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಮೂರು ಆಸ್ಪತ್ರೆಗೂ ಪುಡಿಯೇ ಇರಲಿ. ಖರೀದಿಗೆ ಮುಖ್ಯಸ್ಥ ಮಾದೇಶ್. ಪೂಂಗೊಡಿ ಪಾಪಿರೆಡ್ಡಿಪಟ್ಟಿ ಆಸ್ಪತ್ರೆಯ ಔಷಧಿ ಕೌಂಟರಿಗೆ, ಇಲ್ಲಿನ ಕೆಲಸ ಒಪ್ಪಿಸಿ ಹದಿನೈದು ದಿನದಲ್ಲಿ ಹೋಗಬೇಕು. ಕಾಯಂ ಮಾಡುವ ಮಾತು ಮುಂದಿನ ವರ್ಷಕ್ಕೆ ಹೋಯಿತು. ರತ್ನ ಆ ದಿನ ಪಾಯಸ ಮಾಡಿದ್ದಳು. ಎರಡನೇ ಸಲ ಹಾಕಲು ಬಂದಾಗ ಸಾಕು ಎಂದೆ.

ಆವಣಿಯಲ್ಲಿ ಸಂಜೆ ಸಂಜೆಗೆ ಗುಡುಗಿ ಮಳೆ ಶುರುವಾಯಿತು. ಆಡಿ ಕಳೆಯಲಿ ಎಂದು ಕಾದಿದ್ದವರೆಲ್ಲ ಒಟ್ಟಿಗೆ ಬಂದರು. ಕಾರಿಡಾರಿನ ಬೆಂಚುಗಳಲ್ಲಿ ಜಾಗವಿಲ್ಲ. ಪೂಂಗೊಡಿ ಹೊರಡಲು ಎರಡು ದಿನ ಇದೆ ಎನ್ನುವಾಗ ಎಡಪ್ಪಾಡಿಯಿಂದ ಒಬ್ಬ ನೇಕಾರ ಅಜ್ಜನನ್ನು ಕರೆತಂದರು. ಎಪ್ಪತ್ತು ದಾಟಿದವರು, ಮೈಯಲ್ಲಿ ಮಾಂಸವಿಲ್ಲ, ಪಿತ್ತಕೋಶದ ತುಂಬ ಕಲ್ಲು, ಕಿಡ್ನಿಯೂ ಅಷ್ಟಕ್ಕಷ್ಟೆ. ಫ್ರಿಜ್ಜಿನ ಮದ್ದು ಮುಗಿದಿತ್ತು, ಹೊಸದು ತರಿಸುವಂತಿರಲಿಲ್ಲ, ತರಿಸಬಾರದೆಂದು ಸಹಿ ಹಾಕಿದವನು ನಾನೇ. ಮೇಡಂ ಪುಡಿಯನ್ನೇ ಅಳತೆ ಇಳಿಸಿ ಕೊಟ್ಟರು. ಬೆಳಿಗ್ಗೆ ಹತ್ತಕ್ಕೆ ಒಳಗೆ ಹೋದ ಅಜ್ಜನ ಆಪರೇಷನ್ ಹನ್ನೊಂದೂವರೆಗೆ ಮುಗಿಯಿತು. ಊಟದ ಹೊತ್ತಾದರೂ ಅಜ್ಜ ಉಸಿರು ಎಳೆಯಲಿಲ್ಲ. ಮೇಡಂ ನಿದ್ದೆಯ ಮದ್ದು ಮುಂದುವರಿಸಿ ಮೆಷಿನ್ನಿನ ಮೇಲೆಯೇ ಇಟ್ಟುಕೊಂಡು ಕಾದರು. ಮುಂದಿನ ಮೂರು ಆಪರೇಷನ್ ನಿಂತವು.

ಪಳನಿ ಆಕ್ಸಿಜನ್ ಕೇಳಿ ಕಳಿಸಿದ. ನಾನೇ ಸಿಲಿಂಡರಿನ ಜೊತೆ ಹೋದೆ. ಥಿಯೇಟರಿನ ಬಾಗಿಲ ಬಳಿ ಅಜ್ಜಿಯೊಬ್ಬರು ನೆಲದ ಮೇಲೆ ಕೂತಿದ್ದರು. ನಾನು ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿದ್ದು ಕೇಳಿಸಿರಬೇಕು, ನನ್ನ ಪ್ಯಾಂಟು ಹಿಡಿದು ನಿಲ್ಲಿಸಿದರು.

“ನಮ್ಮೋನಾ ನೀನು? ಯಾಕಪ್ಪಾ ಇನ್ನೂ ಎದ್ದಿಲ್ಲ? ಆಗ್ಲೇ ಮುಗೀತು ಅಂದ್ರಲ್ಲ. ನಾನೇ ಕಣಪ್ಪಾ ಆಡಿ ಕಳೀಲಿ ಅಂದೋಳು. ಅದಕ್ಕೇ ಏನಾದ್ರೂ ಆಯ್ತಾ?”

“ಇಲ್ಲಮ್ಮ, ನಿಮ್ಮಿಂದ ಏನೂ ಆಗಿಲ್ಲ. ಎದ್ದೇಳ್ತಾರೆ,” ಎಂದೆ. ಆ ಅಜ್ಜಿ ತನ್ನ ಮೇಲೆ ಹಾಕಿಕೊಳ್ಳುತ್ತಿದ್ದ ತಪ್ಪು ಯಾರದೆಂದು ಇಡೀ ಆಸ್ಪತ್ರೆಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಒಬ್ಬನಿಗೇ ಎಂದು ಆಗ ಅಂದುಕೊಂಡಿದ್ದೆ.

ಒಳಗೆ ಪೂಂಗೊಡಿ ಮಂಚದ ಪಕ್ಕ ನಿಂತಿದ್ದಳು. ಅವಳ ಕೆಲಸವಲ್ಲ ಅದು. ಮನೆಮಾತು ಕನ್ನಡದ ಅಜ್ಜನಿಗೆ ಮಂಪರಿನಲ್ಲಿ ತಮಿಳು ತಿಳಿಯಲಿಕ್ಕಿಲ್ಲ, ಎಚ್ಚರವಾಗುವಾಗ ಗಾಬರಿಯಾಗಬಾರದು ಎಂದು ಮೇಡಂ ಕರೆಸಿಕೊಂಡಿದ್ದರು. ನಾಲ್ಕು ಗಂಟೆ ದಾಟಿದ ಮೇಲೆ ಮೈ ಸ್ವಲ್ಪ ಸ್ವಲ್ಪ ಸ್ವಾಧೀನಕ್ಕೆ ಬರುತ್ತಿದೆ ಎಂದು ಮೆಷಿನ್ನು ತೋರಿಸಿತು. ಎಬ್ಬಿಸುವ ಇಂಜೆಕ್ಷನ್ ಕೊಟ್ಟು, ನಿದ್ದೆ ಇಳಿಸಿದರು. ಪೂಂಗೊಡಿ ಅಜ್ಜನ ಅಂಗೈಯಲ್ಲಿ ತನ್ನ ಎರಡು ಬೆರಳಿಟ್ಟಳು.

“ತಾತಾ, ನನ್ ಬೆರಳು ಇಡ್ಕಳ್ಳಿ. ಗಟ್ಟಿಯಾಗಿ ಇಡ್ಕಳ್ಳಿ. ಅಜ್ಜಿ ಆಚೆ ಕೂತವ್ರೆ. ಇನ್ನೂ ಗಟ್ಟಿಯಾಗಿ.”

ಮಗ್ಗದಲ್ಲಿ ಸವೆದ ಆ ಬೆರಳುಗಳು ಮೊದಲು ಅಲುಗಲಿಲ್ಲ. ಆಮೇಲೆ ಒಂದು ಬೆರಳು ಮಡಚಿತು, ಆಮೇಲೆ ಇನ್ನೊಂದು. ತಲೆ ಎತ್ತಿ ಹಿಡಿಯಲು ಮತ್ತೂ ಅರ್ಧ ಗಂಟೆ ಬೇಕಾಯಿತು. ಟ್ಯೂಬು ತೆಗೆದಾಗ ಅಜ್ಜ ಕೆಮ್ಮಿ, ಕಣ್ಣು ಬಿಟ್ಟು, ಇವಳನ್ನೇ ಮೊಮ್ಮಗಳೆಂದುಕೊಂಡು ಏನೋ ಹೆಸರು ಹಿಡಿದು ಕರೆದರು. ಅವಳು ಹೂಂ ಅಂದಳು. ಆಗಲೂ ನನಗೆ ಉರಿಯಿತು. ಅಷ್ಟರ ನಡುವೆಯೂ, ಈ ಮುದುಕನೂ ಇವಳನ್ನೇ ಕರೆಯಬೇಕೇ ಎಂದು ನನ್ನ ಮನಸ್ಸಿಗೆ ಬಂತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ಹೌದು.

ಸ್ಟೋರಿಗೆ ಹೋದೆ, ಡ್ರಾಯರಿನ ಬೀಗ ತೆಗೆದೆ. ಅವಳು ಕೈ ತೊಳೆದುಕೊಂಡು ಬರುವ ಹೊತ್ತಿಗೆ ಕಾರಿಡಾರಿನಲ್ಲಿ ನಿಂತಿದ್ದು ನೋಟನ್ನು ಮುಂದೆ ಹಿಡಿದೆ. ಹೊರಗೆ ಮಳೆ ಜೋರಾಗಿತ್ತು.

“ಇದ್ರಾಗೈತೆ. ವಯಸ್ಸಾದೋರ್ದು. ಹನ್ನೆರಡು ವರ್ಸದ್ದು.”

ಅವಳು ತೆಗೆದುಕೊಳ್ಳಲಿಲ್ಲ.

“ನೋಡಿದ್ದೀನಿ ಅಣ್ಣ.”

“ಯಾವಾಗ?”

“ನಾದಿನಿ ಮಗೀಗೆ ಅಮ್ಮನ ಗುಡೀಲಿ ಕಿವಿ ಚುಚ್ಚೋಕೆ ಅಂತ ಲೀವ್ ಆಕಿದ್ರಲ್ಲ, ಅವತ್ತು. ಬೀರು ಬೀಗದ ಕೈ ಡ್ರಾಯರ್ನಾಗೈತೆ ತಗೋ ಅಂತ ನೀವೇ ಫೋನ್ನಾಗೆ ಯೋಳುದ್ರಿ. ಬೀಗದ ಕೈ ಪಕ್ದಲ್ಲೇ ಈ ನೋಟು ಇತ್ತು.”

ಅದು ಆಡಿಯ ನಡುವಿನಲ್ಲಿ. ಮೀಟಿಂಗಿಗೆ ಎಷ್ಟೋ ದಿನ ಮುಂಚೆ. ನಾನು ಇಲ್ಲ ಸರ್ ಎಂದಾಗ ನನ್ನ ಪಕ್ಕದಲ್ಲಿ ಕೂತಿದ್ದವಳಿಗೆ ಎಲ್ಲವೂ ಗೊತ್ತಿತ್ತು.

“ಮತ್ತೆ ಮೀಟಿಂಗ್ನಾಗೆ ಯಾಕೆ ಬಾಯ್ ಬಿಡ್ಲಿಲ್ಲ?”

“ನೀವು ಬರ್ದಿರೋದಲ್ವಾ ಅಣ್ಣ. ನಾನ್ ಎಂಗೆ ಎತ್ಕೊಂಡೋಗಿ ತೋರ್ಸ್ಲಿ? ಸಾಯಂಕಾಲ ಕಾಗ್ದ ಇಟ್ಟಾಗ ನೀವೇ ಯೋಳ್ತೀರ ಅನ್ಕೊಂಡೆ. ಬೆಳಿಗ್ಗೆನೂ ಕೇಳ್ದೆ, ಇಲ್ಲ ಅಂದ್ರಿ. ಅದಕ್ಕೇ ಕೊನೇ ಪುಟ ಸೇರ್ಸುದ್ದು. ಅಧ್ಯಕ್ಷರೇ ಕೇಳುದ್ರೆ ಯೋಳ್ತೀರ ಅನ್ಕೊಂಡೆ.” ಒದ್ದೆ ಕೈಯನ್ನು ಒರೆಸಿಕೊಂಡಳು. “ನೀವು ಇಲ್ಲ ಅಂದ್ಮ್ಯಾಲೆ ನಾನು ಐತೆ ಅಂದ್ರೆ ಊರಾಗೆ ನಮ್ಮಪ್ಪಂಗೆ ಏನಂತ ಯೋಳ್ಲಿ? ಕೆಲ್ಸ ಕೊಡ್ಸುದ್ದು ನೀವು.”

ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ಹೋಗಿ ಅಜ್ಜಿಯನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದಳು.

ಮಾರನೆಯ ದಿನ ನೋಟನ್ನು ಮೇಡಂಗೆ ಕೊಟ್ಟೆ, ಮೇಡಂ ಅಧ್ಯಕ್ಷರ ಮುಂದಿಟ್ಟರು. ಅದಕ್ಕೆ ಮುಂಚೆ ಮೇಡಂ ನೋಟನ್ನು ಪೂಂಗೊಡಿಗೆ ಕೊಟ್ಟಿದ್ದರು, ಅವಳು ಹೊರಡುವ ಮುಂಚಿನ ರಾತ್ರಿ ಮನೆಯಲ್ಲಿ ಕೂತು ಎರಡೂ ಪಟ್ಟಿಯನ್ನು ಒಂದು ಮಾಡಿ ಕೊಟ್ಟಿದ್ದಳು, ನನ್ನ ಹೆಸರು ಮೇಲೆ, ತನ್ನದು ಕೆಳಗೆ. ವಯಸ್ಸಾದವರಿಗೂ ಕಿಡ್ನಿ ಲಿವರ್ ತೊಂದರೆಯವರಿಗೂ ಫ್ರಿಜ್ಜಿನ ಮದ್ದು, ಉಳಿದವರಿಗೆ ಪುಡಿ ಎಂದು ತೀರ್ಮಾನವಾಯಿತು. ಇಂದಿಗೂ ನಮ್ಮ ಮೂರು ಆಸ್ಪತ್ರೆಯಲ್ಲಿ ಹಾಗೆಯೇ ನಡೆಯುತ್ತಿದೆ. ಪಳನಿಗೆ ಓವರ್‌ಟೈಮ್ ಕಡಿಮೆಯಾಯಿತೆಂದು ಸ್ವಲ್ಪ ಬೇಜಾರೂ ಇದೆ.

ಅಧ್ಯಕ್ಷರು ನನ್ನನ್ನು ರೂಮಿಗೆ ಕರೆಸಿದರು. ಅಂದು ಇಲ್ಲ ಎಂದಿರಲ್ಲ ಎಂದು ಕೇಳಿದರು. ಮರೆತಿದ್ದೆ ಸರ್ ಎಂದೆ. ಅವರು ನಕ್ಕು, ನೋಟನ್ನು ಕೈಯಲ್ಲಿ ತೂಗಿ ನೋಡಿದರು. “ಹನ್ನೆರಡು ವರ್ಷದ ಅನುಭವ ಅಂದರೆ ಇದು ನೋಡಿ. ನಿಮ್ಮನ್ನು ಆರಿಸಿದ್ದು ತಪ್ಪಾಗಲಿಲ್ಲ,” ಎಂದರು. ಆ ಕ್ಷಣ ಹೇಳಿಬಿಡಬೇಕೆಂದು ಬಾಯಿ ತೆರೆದೆ, ಪೂಂಗೊಡಿ ಎಂಬ ಹೆಸರು ನಾಲಗೆಯವರೆಗೆ ಬಂತು. ಅಷ್ಟರಲ್ಲಿ ಅವರೇ, “ಹಾಂ, ಆ ಹುಡುಗಿಗೂ ನನ್ನದೊಂದು ಥ್ಯಾಂಕ್ಸ್ ಹೇಳಿ. ಮರೆಯಬೇಡಿ,” ಎಂದರು.

ಅವಳು ಪಾಪಿರೆಡ್ಡಿಪಟ್ಟಿಯಲ್ಲೇ ಇದ್ದಾಳೆ. ವಾರಕ್ಕೊಂದು ಸಲ ಫೋನ್ ಮಾಡಿ ಬೇಕಾದ ಔಷಧಿಯ ಪಟ್ಟಿ ಓದುತ್ತಾಳೆ. ಅಣ್ಣ, ಅತ್ತಿಗೆ ಎಂಗವ್ರೆ ಎಂದು ಕೇಳುತ್ತಾಳೆ, ಚೆನ್ನಾಗಿದ್ದಾಳೆ ಎನ್ನುತ್ತೇನೆ. ಬೇರೇನೂ ಇಲ್ವಾ ಅಣ್ಣ ಎಂದು ಒಂದು ಗಳಿಗೆ ಕಾಯುತ್ತಾಳೆ. ಇಲ್ಲಮ್ಮ ಎಂದು ಫೋನ್ ಇಡುತ್ತೇನೆ. ಅಧ್ಯಕ್ಷರು ಹೇಳಿಕಳಿಸಿದ ಥ್ಯಾಂಕ್ಸನ್ನು ನಾನು ಇನ್ನೂ ಅವಳಿಗೆ ಹೇಳಿಲ್ಲ.